ಗೇಮ್ ಶೋ ನಿರೂಪಕಿಯಾಗಲು 85,000 ರೂಪಾಯಿ ಕಟ್ಟಬೇಕೆ?

ಪ್ರಶ್ನೆ: ನನಗೆ 25 ವರ್ಷ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವಳು. ಬಿ.ಕಾಂ. ಮುಗಿಸಿ ಚಿಕ್ಕಬಳ್ಳಾಪುರದ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಐದು ವರ್ಷಗಳಿಂದ ಗಣೇಶೋತ್ಸವ, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವಗಳಲ್ಲಿ ನಿರೂಪಣೆ ಮಾಡುತ್ತ ಬಂದಿದ್ದೇನೆ. ಮಕ್ಕಳಿಗೆ ರಸಪ್ರಶ್ನೆ ನಡೆಸುವುದೆಂದರೆ ನನಗೆ ಪ್ರಾಣ. ಟಿವಿಯಲ್ಲಿ ಗೇಮ್ ಶೋ ನಡೆಸಿಕೊಡಬೇಕೆಂಬುದು ನನ್ನ ಆಸೆ. ಬೆಂಗಳೂರಿನ ತರಬೇತಿ ಸಂಸ್ಥೆಯೊಂದು ಮೂರು ತಿಂಗಳ ಕೋರ್ಸಿಗೆ 85,000 ರೂಪಾಯಿ ಕೇಳಿ, ಮುಗಿದ ಮೇಲೆ ಚಾನೆಲ್‌ನಲ್ಲಿ ಅವಕಾಶ ಖಚಿತ ಎನ್ನುತ್ತಿದೆ. ತಿಂಗಳ ಕೊನೆಯೊಳಗೆ ಹಣ ಕಟ್ಟಬೇಕಂತೆ. ರೇಷ್ಮೆಗೂಡು ಮಾರಿದ ಹಣವನ್ನು ಕೊಡಲು ಅಪ್ಪ ಒಪ್ಪಿದ್ದಾರೆ, ಆದರೆ ‘ಆ ಕುರ್ಚಿ ಸಿನಿಮಾದವರಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ’ ಎಂದೂ ಹೇಳುತ್ತಾರೆ. ನಮ್ಮ ಮನೆಮಾತು ತೆಲುಗು. ನನ್ನ ಕನ್ನಡದಲ್ಲಿ ಆ ರಾಗ ಇದೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ಎರಡು ದಿನ ಸತತ ಕಾರ್ಯಕ್ರಮ ಮಾಡಿದರೆ ವಾರಗಟ್ಟಲೆ ಗಂಟಲು ಕಟ್ಟಿರುತ್ತದೆ; ಮೆಣಸು, ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡು ಸುಧಾರಿಸಿಕೊಳ್ಳುತ್ತೇನೆ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲೇ? ಶಾಲೆಯೊಂದರಲ್ಲಿ ನಾನು ನಡೆಸಿದ ರಸಪ್ರಶ್ನೆಯ ಎಂಟು ನಿಮಿಷದ ವಿಡಿಯೊ ಲಗತ್ತಿಸಿದ್ದೇನೆ.

ಉತ್ತರ: ತಿಂಗಳ ಕೊನೆ ಹತ್ತಿರವಿರುವುದರಿಂದ ಹಣದ ಮಾತನ್ನೇ ಮೊದಲು ಆಡುತ್ತೇನೆ. ಕಟ್ಟಬೇಡಿ. ತರಬೇತಿ ಎಂಬುದೇ ಮೋಸ ಎಂದು ನಾನು ಹೇಳುತ್ತಿಲ್ಲ. ನಾನೂ ತುಮಕೂರಿನಲ್ಲಿ ನಿರೂಪಣೆ ಕಲಿಸುವವನೇ, ಒಳ್ಳೆಯ ಕಡೆ ಕಲಿತು ಮುಂದೆ ಬಂದವರನ್ನೂ ಕಂಡಿದ್ದೇನೆ. ಆದರೆ ನಿರೂಪಕರನ್ನು ಆರಿಸುವವರು ಚಾನೆಲ್‌ನ ಕಾರ್ಯಕ್ರಮ ವಿಭಾಗದವರು ಮತ್ತು ಆ ಶೋ ತಯಾರಿಸುವ ನಿರ್ಮಾಣ ಸಂಸ್ಥೆಯವರು. ಅವರ ಪರವಾಗಿ ಮೂರನೆಯವರೊಬ್ಬರು ‘ಅವಕಾಶ ಖಚಿತ’ ಎಂದು ಮಾತು ಕೊಡಲು ಬರುವುದಿಲ್ಲ. ಚಾನೆಲ್‌ಗಳ ಶೋಗಳಿಗೆ ನ್ಯಾಯವಾಗಿ ನಡೆಯುವ ಆಡಿಷನ್‌ಗೆ ಸಾಮಾನ್ಯವಾಗಿ ಶುಲ್ಕವೂ ಇರುವುದಿಲ್ಲ. ಅವರು ಹೇಳುತ್ತಿರುವುದು ನಿಜವೇ ಎಂದು ನೋಡಬೇಕಿದ್ದರೆ, ಯಾವ ಚಾನೆಲ್, ಯಾವ ಕೆಲಸ, ಅವಕಾಶ ಸಿಗದಿದ್ದರೆ ಎಷ್ಟು ಹಣ ಯಾವಾಗ ವಾಪಸು ಎಂಬ ಮೂರು ಸಂಗತಿಗಳನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಜಿಎಸ್‌ಟಿ ಸಂಖ್ಯೆಯಿರುವ ರಸೀದಿ ಕೊಡುತ್ತೀರಾ ಎಂದೂ ಕೇಳಿ. ಮುಂಗಡವನ್ನೇನಾದರೂ ಈಗಾಗಲೇ ಕೊಟ್ಟಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಲು ಅವಕಾಶವಿದೆ, ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಆನ್‌ಲೈನ್ ವಂಚನೆಯಾಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ನಿಮ್ಮ ತಂದೆಯವರ ಮಾತು ಅರ್ಧ ನಿಜ. ‘ಕನ್ನಡದ ಕೋಟ್ಯಧಿಪತಿ’ 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರಿಂದ ಆರಂಭವಾಯಿತು, ನಡುವೆ ಒಂದು ಆವೃತ್ತಿಯನ್ನು ರಮೇಶ್ ಅರವಿಂದ್ ನಡೆಸಿಕೊಟ್ಟರು. 2013ರಲ್ಲಿ ಬಂದ ‘ಬಿಗ್ ಬಾಸ್ ಕನ್ನಡ’ಕ್ಕೆ ಸುದೀಪ್ ಬಂದರು. ಇಷ್ಟು ದೊಡ್ಡ ವೆಚ್ಚದ ಶೋಗಳಲ್ಲಿ ಚಾನೆಲ್‌ನವರು ನಿರೂಪಣೆಯ ಜೊತೆಗೆ, ಮೊದಲ ದಿನವೇ ಜನರನ್ನು ಟಿವಿಯ ಮುಂದೆ ಕೂರಿಸಬಲ್ಲ ಮುಖವನ್ನೂ ಕೊಳ್ಳುತ್ತಾರೆ. ಜಾಹೀರಾತುದಾರರ ಹಣ ಆ ಮುಖವನ್ನು ನಂಬಿ ಬರುತ್ತದೆ. ಆ ಕುರ್ಚಿಗಾಗಿ ಈಗಲೇ ಕನಸು ಕಾಣುವುದರಿಂದ ನಿಮಗೆ ಪ್ರಯೋಜನವಿಲ್ಲ. ಆದರೆ ಕನ್ನಡ ಟಿವಿಯಲ್ಲಿ ಇನ್ನೊಂದು ಸಾಲೂ ಇದೆ. ದೂರದರ್ಶನ ಚಂದನದಲ್ಲಿ 2002ರಿಂದ ‘ಥಟ್ ಅಂತ ಹೇಳಿ’ ನಡೆಸಿಕೊಂಡು ಬಂದವರು ನಾ. ಸೋಮೇಶ್ವರ, ಅವರು ವೃತ್ತಿಯಿಂದ ವೈದ್ಯರು, ಗೆದ್ದವರಿಗೆ ಅಲ್ಲಿ ಕೊಡುವುದು ಪುಸ್ತಕ, ಆದರೂ ಸಾವಿರಾರು ಸಂಚಿಕೆಗಳು ಆಗಿಹೋಗಿವೆ. ಅಪರ್ಣಾ ಅವರು ಸಿನಿಮಾದಲ್ಲಿ ಕಾಣಿಸಿಕೊಂಡಿದ್ದರೂ ನಾಡು ಅವರನ್ನು ನೆನೆಯುವುದು ದೂರದರ್ಶನದ ನಿರೂಪಣೆಗೆ, ಅವರ ಸ್ವಚ್ಛ ಕನ್ನಡಕ್ಕೆ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ, ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಪ್ರತಿದಿನ ಕೇಳುತ್ತಿದ್ದ ದನಿ ಅವರದೆಂದು ಎಷ್ಟೋ ಜನರಿಗೆ ಆಗಲೇ ಗೊತ್ತಾದದ್ದು. ಟಿವಿ ನಿರೂಪಕಿ ಅನುಶ್ರೀ ಮಂಗಳೂರಿನ ಸ್ಥಳೀಯ ವಾಹಿನಿಯಿಂದ ಬಂದವರು.

ಈ ಕೆಲಸ ಹುಟ್ಟಿ ಬೆಳೆದ ಅಮೆರಿಕದಲ್ಲಿಯೂ ಹೀಗೆಯೇ. ‘ಜೆಪರ್ಡಿ’ ಎಂಬ ರಸಪ್ರಶ್ನೆಯನ್ನು 1984ರಿಂದ 2020ರಲ್ಲಿ ತೀರಿಕೊಳ್ಳುವವರೆಗೆ ನಡೆಸಿಕೊಟ್ಟ ಅಲೆಕ್ಸ್ ಟ್ರೆಬೆಕ್, ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಲ್ಲಿ ಸುದ್ದಿ ಓದುವ ಉದ್ಘೋಷಕರಾಗಿ ವೃತ್ತಿ ಆರಂಭಿಸಿದವರು. ‘ವೀಲ್ ಆಫ್ ಫಾರ್ಚೂನ್’ ಅನ್ನು 1981ರಿಂದ 2024ರವರೆಗೆ ನಡೆಸಿಕೊಟ್ಟ ಪ್ಯಾಟ್ ಸೇಜಾಕ್, ವಿಯೆಟ್ನಾಂನಲ್ಲಿ ಸೇನೆಯ ರೇಡಿಯೊದಲ್ಲಿ ಮಾತನಾಡುತ್ತಿದ್ದವರು, ಆಮೇಲೆ ಟಿವಿಯಲ್ಲಿ ಹವಾಮಾನ ವರದಿ ಹೇಳುತ್ತಿದ್ದವರು. ಹವಾಮಾನ ಹೇಳುವುದು, ಸುದ್ದಿ ಓದುವುದು, ಮುಂದಿನ ಹಾಡು ಯಾವುದೆಂದು ತಿಳಿಸುವುದು ಸಣ್ಣ ಕೆಲಸಗಳಂತೆ ಕಾಣುತ್ತವೆ. ಆದರೆ ಗಡಿಯಾರದ ಮುಳ್ಳಿಗೆ ಸರಿಯಾಗಿ ಮಾತು ನಿಲ್ಲಿಸುವ ಅಭ್ಯಾಸ, ಏನೇ ಎಡವಟ್ಟಾದರೂ ದನಿ ನಡುಗದಂತೆ ಮುಂದುವರಿಸುವ ಅಭ್ಯಾಸ ಕೈಗೂಡುವುದು ಅಲ್ಲಿಯೇ, ಮತ್ತು ಇವೆರಡೂ ಇಲ್ಲದವರು ಗೇಮ್ ಶೋ ಸೆಟ್ಟಿನಲ್ಲಿ ಅರ್ಧ ದಿನವೂ ನಿಲ್ಲಲಾರರು. ಅಮೆರಿಕದಲ್ಲಿ ನಿರೂಪಕರು ಬೇರೆ, ಉದ್ಘೋಷಕರು ಬೇರೆ. ಸ್ಪರ್ಧಿಗಳ ಹೆಸರು ಕೂಗಿ ಕರೆಯುವ, ಬಹುಮಾನಗಳನ್ನು ಬಣ್ಣಿಸುವ ದನಿಗೆ ಪ್ರತ್ಯೇಕ ವ್ಯಕ್ತಿ ಇರುತ್ತಾರೆ, ‘ಜೆಪರ್ಡಿ’ಗೆ 1984ರಿಂದ ಆ ದನಿ ಕೊಟ್ಟವರು ಜಾನಿ ಗಿಲ್ಬರ್ಟ್. ನಮ್ಮಲ್ಲಿ ಎರಡೂ ಭಾರ ಬಹುಮಟ್ಟಿಗೆ ಒಬ್ಬರ ಮೇಲೆಯೇ ಬೀಳುತ್ತದೆ.

ಹಾಗಾದರೆ ಆ ಕೆಲಸದ ಒಳಗೆ ಏನಿದೆ? ಹೊರಗಿನಿಂದ ನೋಡುವವರು ಅದನ್ನು ಮಾತುಗಾರಿಕೆ ಎಂದುಕೊಳ್ಳುತ್ತಾರೆ. ರಸಪ್ರಶ್ನೆ ಕಾರ್ಯಕ್ರಮಗಳ ಸೆಟ್ಟಿನಲ್ಲಿ ಹಲವು ವರ್ಷ ದುಡಿದ ನನಗೆ ಅದು ಕೇಳಿಸಿಕೊಳ್ಳುವ ಕೆಲಸವಾಗಿಯೇ ಕಂಡಿದೆ. ನಿರೂಪಕಿಯ ಒಂದು ಕಿವಿಯಲ್ಲಿ ಪುಟ್ಟ ಇಯರ್‌ಪೀಸ್ ಇರುತ್ತದೆ; ಕಂಟ್ರೋಲ್ ರೂಮಿನಿಂದ ನಿರ್ದೇಶಕರು ‘ಬ್ರೇಕ್‌ಗೆ ನಲವತ್ತು ಸೆಕೆಂಡ್’, ‘ಎರಡನೇ ಕ್ಯಾಮೆರಾ ನೋಡಿ’ ಎಂದು ಹೇಳುತ್ತಲೇ ಇರುತ್ತಾರೆ. ಇನ್ನೊಂದು ಕಿವಿ ಸ್ಪರ್ಧಿಯದು. ಸ್ಪರ್ಧಿ ಮೊದಲ ಸಲ ಅಷ್ಟು ಬೆಳಕಿನಲ್ಲಿ ಕೂತಿರುತ್ತಾರೆ, ಬಾಯಿ ಒಣಗಿರುತ್ತದೆ. ಆ ಎರಡು ದನಿಗಳ ನಡುವೆ ಸ್ಪರ್ಧಿಗೆ ‘ಇವರು ನನ್ನ ಮಾತನ್ನಷ್ಟೇ ಕೇಳುತ್ತಿದ್ದಾರೆ’ ಎನ್ನಿಸಬೇಕು. ಅದೂ ದಿನಕ್ಕೆ ಒಂದೇ ಸಂಚಿಕೆಯಲ್ಲ; ಸೆಟ್ಟಿನ ಬಾಡಿಗೆ ಉಳಿಸಲು ಹಲವು ಸಂಚಿಕೆಗಳನ್ನು ಒಟ್ಟಿಗೆ ಚಿತ್ರೀಕರಿಸುತ್ತಾರೆ. ‘ಜೆಪರ್ಡಿ’ಯವರು ದಿನಕ್ಕೆ ಐದು ಮಾಡುತ್ತಾರೆ. ಬಟ್ಟೆ ಬದಲಿಸಿ ಬಂದು ಐದನೆಯ ಸಂಚಿಕೆಯಲ್ಲಿಯೂ ಮೊದಲನೆಯದರ ಮುಖವನ್ನೇ ತೋರಿಸಬೇಕಾಗುತ್ತದೆ.

ಈಗ ನಿಮ್ಮ ವಿಡಿಯೊ. ಮೂರು ಸಲ ನೋಡಿದೆ. ನಿಮಗೆ ಮಕ್ಕಳ ಮೇಲೆ ಪ್ರೀತಿಯಿದೆ, ಹೆಸರು ಹಿಡಿದು ಕರೆಯುತ್ತೀರಿ, ತಪ್ಪು ಹೇಳಿದವರನ್ನು ನಗೆಪಾಟಲು ಮಾಡುವುದಿಲ್ಲ. ಇದನ್ನು ಕಲಿಸಲು ಬರುವುದಿಲ್ಲ, ನಿಮ್ಮಲ್ಲಿದೆ. ಎರಡು ದೋಷಗಳೂ ಇವೆ. ಎರಡನೆಯ ಸಾಲಿನ ಹುಡುಗ ‘ಕಾವೇರಿ’ ಎಂದು ತಪ್ಪು ಉತ್ತರ ಹೇಳಿದೊಡನೆ ನೀವು ‘ಅಯ್ಯೋ’ ಎಂದು ಸರಿಯುತ್ತರವನ್ನು ಹೇಳಿಬಿಟ್ಟಿರಿ; ಅವನ ತುಟಿ ಇನ್ನೂ ಅಲುಗಾಡುತ್ತಿತ್ತು, ‘ಅಲ್ಲ ಮಿಸ್’ ಎಂದು ತಿದ್ದಿಕೊಳ್ಳಲು ಹೊರಟಿದ್ದನೆಂದು ಕಾಣುತ್ತದೆ. ಉತ್ತರ ಬಂದ ಮೇಲಿನ ಮೂರು ಸೆಕೆಂಡು ನಿರೂಪಕಿಯದಲ್ಲ, ಸ್ಪರ್ಧಿಯದು. ಮನೆಯಲ್ಲಿ ಕೂತ ನೋಡುಗರೂ ಆ ಹೊತ್ತಿನಲ್ಲಿಯೇ ತಮ್ಮ ಉತ್ತರವನ್ನು ಪಕ್ಕದವರಿಗೆ ಹೇಳುವುದು. ಮೌನಕ್ಕೆ ಹೆದರಿ ಮಾತು ತುಂಬಿಸುವುದು ವೇದಿಕೆ ನಿರೂಪಣೆಯಿಂದ ಬಂದ ಅಭ್ಯಾಸ. ಅಲ್ಲಿ ಮೌನವೆಂದರೆ ಮೈಕು ಕೆಟ್ಟಿದೆ ಎಂದು ಜನ ತಿಳಿಯುತ್ತಾರೆ, ಟಿವಿಯಲ್ಲಿ ಮಾತ್ರ ಅದು ಸ್ಪರ್ಧೆಯ ಜೀವ.

ಎರಡನೆಯ ದೋಷ ಇನ್ನೂ ಗಂಭೀರವಾದದ್ದು, ನಿಮಗೆ ಗೊತ್ತಾಗದೆ ಆದದ್ದು. ನಾಲ್ಕು ಆಯ್ಕೆಗಳನ್ನು ಓದುವಾಗ ಸರಿಯಾದ ಆಯ್ಕೆಯ ಮೇಲೆ ನಿಮ್ಮ ದನಿ ತುಸು ಏರುತ್ತದೆ. ಆರು ಪ್ರಶ್ನೆಗಳಲ್ಲಿ ನಾಲ್ಕರಲ್ಲಿ ಹಾಗಾಗಿದೆ. ಚುರುಕಾದ ಒಂದು ಹುಡುಗಿ ಅದನ್ನು ಹಿಡಿದುಕೊಂಡಿದ್ದಾಳೆ, ಆಯ್ಕೆ ಓದುವಾಗ ಅವಳು ಪರದೆಯನ್ನು ನೋಡದೆ ನಿಮ್ಮ ಮುಖವನ್ನೇ ನೋಡುತ್ತಿದ್ದಾಳೆ. ಉತ್ತರ ಗೊತ್ತಿರುವವರಿಗೆಲ್ಲ ಇದು ಆಗುತ್ತದೆ. ಹೀಗಾಗಿಯೇ ಎಚ್ಚರದ ನಿರ್ಮಾಣ ಸಂಸ್ಥೆಗಳು, ಆಟದ ಸ್ವರೂಪಕ್ಕೆ ಒಗ್ಗುವ ಕಡೆ, ಉತ್ತರ ಲಾಕ್ ಆಗುವವರೆಗೆ ಅದು ನಿರೂಪಕರಿಗೂ ತಿಳಿಯದಂತೆ ನೋಡಿಕೊಳ್ಳುತ್ತವೆ, ಪ್ರಶ್ನೆ ಸಿದ್ಧಪಡಿಸುವವರನ್ನು ಸ್ಪರ್ಧಿಗಳಿಂದ ದೂರ ಇಡುತ್ತವೆ. 1950ರ ದಶಕದಲ್ಲಿ ಅಮೆರಿಕದ ‘ಟ್ವೆಂಟಿ ಒನ್’ ಎಂಬ ಶೋದಲ್ಲಿ ನಿರ್ಮಾಪಕರೇ ಸ್ಪರ್ಧಿಗಳಿಗೆ ಉತ್ತರ ತಿಳಿಸಿ ಗೆಲ್ಲಿಸುತ್ತಿದ್ದರು. ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಜನಪ್ರಿಯ ಸ್ಪರ್ಧಿ 1959ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಅದನ್ನು ಒಪ್ಪಿಕೊಂಡರು, 1960ರಲ್ಲಿ ರಸಪ್ರಶ್ನೆಯ ಫಲಿತಾಂಶ ತಿರುಚುವುದು ಕಾನೂನಿನ ಪ್ರಕಾರ ಅಪರಾಧವಾಯಿತು. ಒಮ್ಮೆ ಜನರ ನಂಬಿಕೆ ಹೋದರೆ ಎಷ್ಟು ಸೊಗಸಾದ ನಿರೂಪಣೆಯೂ ಆಟವನ್ನು ಉಳಿಸಲಾರದು. ಆದ್ದರಿಂದ ನಾಲ್ಕು ಆಯ್ಕೆಗಳನ್ನೂ ಒಂದೇ ಶ್ರುತಿಯಲ್ಲಿ, ಒಂದೇ ವೇಗದಲ್ಲಿ ಓದುವ ಅಭ್ಯಾಸವನ್ನು ನಾಳೆಯಿಂದಲೇ ಆರಂಭಿಸಿ. ಟ್ರೆಬೆಕ್ ಅವರು ಚಿತ್ರೀಕರಣದ ದಿನ ಬೆಳಿಗ್ಗೆ ಅಂದಿನ ಎಲ್ಲ ಪ್ರಶ್ನೆಗಳನ್ನೂ ಓದಿ, ಉಚ್ಚಾರಣೆಯ ಗುರುತುಗಳನ್ನು ಹಾಕಿಕೊಳ್ಳುತ್ತಿದ್ದರು. ಅಷ್ಟು ವರ್ಷಗಳ ಅನುಭವದ ಮೇಲೂ ಅವರು ಅದನ್ನು ಬಿಡಲಿಲ್ಲ. ನೀವೂ ಪೆನ್ಸಿಲ್ ಹಿಡಿಯಿರಿ.

ತೆಲುಗಿನ ವಿಷಯಕ್ಕೆ ಬರುತ್ತೇನೆ, ಇದು ನಿಮ್ಮನ್ನು ಹೆಚ್ಚು ನೋಯಿಸಿದೆ ಎಂದು ಪತ್ರದಲ್ಲಿ ಕಾಣುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಪಾವಗಡ, ಈ ಗಡಿಯುದ್ದಕ್ಕೂ ಎರಡು ಭಾಷೆಗಳಲ್ಲಿ ಬೆಳೆಯುವ ಮಕ್ಕಳೇ ಹೆಚ್ಚು; ಅದು ಕೊರತೆಯಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಅವರನ್ನು ಕನ್ನಡದ ಆಸ್ತಿ ಎಂದೇ ನಾವು ಕರೆಯುತ್ತೇವೆ. ನಿಮ್ಮ ವಿಡಿಯೊದಲ್ಲಿ ರಾಗವಿದೆ, ಆದರೆ ಅದು ಮಾತನ್ನು ಕೆಡಿಸಿಲ್ಲ, ಅದನ್ನು ಪೂರ್ತಿ ಅಳಿಸಲು ಹೋಗಬೇಡಿ. ನಿಜವಾಗಿ ತಿದ್ದಬೇಕಾದದ್ದು ಬೇರೆ, ಮತ್ತು ಅದು ಮನೆಯಲ್ಲಿ ಕನ್ನಡವನ್ನೇ ಆಡುವ ಎಷ್ಟೋ ಜನರಲ್ಲಿಯೂ ಇದೆ. ‘ಹಣ’ ಎನ್ನುವಲ್ಲಿ ‘ಅಣ’, ‘ಧನ್ಯವಾದ’ ಎನ್ನುವಲ್ಲಿ ‘ದನ್ಯವಾದ’, ಶ-ಷ-ಸ ಮೂರಕ್ಕೂ ಒಂದೇ ಉಚ್ಚಾರ. ಹಕಾರವನ್ನು ಗಡಿಬಿಡಿಯಲ್ಲಿ ತಿದ್ದಿಕೊಳ್ಳಲು ಹೋದರೆ ಅದು ಬೇಡದ ಕಡೆ ಹೋಗಿ ಕೂರುತ್ತದೆ. ಕಾರ್ಯಕ್ರಮದ ಮೊದಲ ವಾಕ್ಯದಲ್ಲಿಯೇ ‘ಆದರದ ಸ್ವಾಗತ’ ಎನ್ನಬೇಕಾದವರು ‘ಹಾದರದ ಸ್ವಾಗತ’ ಎಂದು ತಲೆ ತಗ್ಗಿಸುವಂತಾದದ್ದನ್ನು ಕಂಡಿದ್ದೇನೆ. ದಿನಕ್ಕೆ ಇಪ್ಪತ್ತು ನಿಮಿಷ ದಿನಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ, ಫೋನಿನಲ್ಲಿ ದಾಖಲಿಸಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ತಪ್ಪು ಕಿವಿಗೆ ಬೀಳುವುದಿಲ್ಲ. ಆರು ತಿಂಗಳು ಬೇಕು, ಅದಕ್ಕಿಂತ ಬೇಗ ಆಗುವುದಿಲ್ಲ. ಇನ್ನು, ಗಡಿಭಾಗದ ಸ್ಪರ್ಧಿಯೊಬ್ಬರು ಕನ್ನಡದಲ್ಲಿ ತಡವರಿಸಿದಾಗ ಅವರದೇ ಮಾತಿನಲ್ಲಿ ಒಂದು ವಾಕ್ಯ ಹೇಳಿ ಧೈರ್ಯ ತುಂಬಬಲ್ಲ ನಿರೂಪಕರು ಎಷ್ಟು ಜನರಿದ್ದಾರೆ? ಆಡಿಷನ್‌ನಲ್ಲಿ ತೆಲುಗು ಬರುತ್ತದೆಂದು ಧಾರಾಳವಾಗಿ ಹೇಳಿಕೊಳ್ಳಿ.

ಗಂಟಲು ಕಟ್ಟುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆಣಸು, ಕಲ್ಲುಸಕ್ಕರೆ ಬಾಯಲ್ಲಿ ಜೊಲ್ಲು ಬರಿಸುವುದರಿಂದ ಹಿತವೆನಿಸುತ್ತದೆ ನಿಜ, ಆದರೆ ನುಂಗಿದ್ದೆಲ್ಲ ಅನ್ನನಾಳಕ್ಕೆ ಹೋಗುತ್ತದೆ. ನುಂಗುವಾಗ ಧ್ವನಿಪೆಟ್ಟಿಗೆ ಮುಚ್ಚಿಕೊಳ್ಳುವುದರಿಂದ ಧ್ವನಿತಂತುಗಳಿಗೆ ಅದು ತಾಗುವುದೇ ಇಲ್ಲ. ನಿಮ್ಮ ತೊಂದರೆಯ ಮೂಲ ವೇದಿಕೆಯಲ್ಲಿದೆ. ಗಣೇಶನ ಪೆಂಡಾಲಿನಲ್ಲಿ ದೊಡ್ಡ ಸ್ಪೀಕರುಗಳು ಜನರ ಕಡೆಗೆ ತಿರುಗಿರುತ್ತವೆ, ನಿಮ್ಮ ದನಿ ನಿಮಗೇ ಕೇಳಿಸುವುದಿಲ್ಲ. ಸುತ್ತಲ ಸದ್ದಿಗೆ ತಕ್ಕಂತೆ ದನಿ ಏರಿಸುವುದು ಮನುಷ್ಯನ ಸಹಜ ಪ್ರತಿಕ್ರಿಯೆಯಾದ್ದರಿಂದ ತಿಳಿಯದೆಯೇ ಮೂರು ಗಂಟೆ ಕಿರುಚಿರುತ್ತೀರಿ. ನಮ್ಮ ತುಮಕೂರು ಸೀಮೆಯಲ್ಲಿ ಗುಬ್ಬಿ ಕಂಪನಿಯ ಕಾಲದಿಂದಲೂ ಕೊನೆಯ ಸಾಲಿಗೆ ಕೇಳಿಸುವ ಕಂಠವೇ ಕಂಠ ಎಂಬ ಭಾವನೆಯಿದೆ. ಮೈಕಿಲ್ಲದ ರಂಗಭೂಮಿಗೆ ಅದು ಸರಿ, ಎದೆಯ ಮೇಲೆ ಗುಂಡಿಯಷ್ಟು ಮೈಕಿರುವ ಟಿವಿಗೆ ಎದುರು ಕೂತವರೊಡನೆ ಆಡುವ ದನಿ ಸಾಕು. ಸೌಂಡ್ ಸಿಸ್ಟಂನವರಿಗೆ ಹೇಳಿ ಒಂದು ಮಾನಿಟರ್ ಸ್ಪೀಕರನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ, ಖ್ಹೂಂ ಎಂದು ಗಂಟಲು ಕೆರೆಯುವುದನ್ನು ಬಿಡಿ. ದನಿ ಕಟ್ಟಿದಾಗ ಪಿಸುಮಾತು ವಿಶ್ರಾಂತಿಯಲ್ಲ, ಅದರಿಂದಲೂ ಆಯಾಸವಾಗಬಹುದು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ, ಅಥವಾ ಪದೇ ಪದೇ ಹೀಗಾಗುತ್ತಿದ್ದರೆ, ಕಿವಿ-ಮೂಗು-ಗಂಟಲು ತಜ್ಞರಲ್ಲಿ ಧ್ವನಿತಂತು ತೋರಿಸಬೇಕು. ಅಲ್ಲಿ ಸಣ್ಣ ಗಂಟುಗಳಾಗಿದ್ದರೆ ಸಾಮಾನ್ಯವಾಗಿ ಮೊದಲು ಮಾಡುವುದು ಧ್ವನಿ ಚಿಕಿತ್ಸೆ, ಶಸ್ತ್ರಚಿಕಿತ್ಸೆಯಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ತಜ್ಞರಿದ್ದಾರೆ.

ಮುಂದಿನ ದಾರಿಗಳಲ್ಲಿ ನನಗೆ ಹೆಚ್ಚು ನಂಬಿಕೆಯಿರುವುದು ರೇಡಿಯೊದ ಮೇಲೆ. ಆಕಾಶವಾಣಿ ಕೇಂದ್ರಗಳು ಸಾಂದರ್ಭಿಕ ಉದ್ಘೋಷಕರಿಗಾಗಿ ಆಗಾಗ ಪ್ರಕಟಣೆ ಕೊಡುತ್ತವೆ. ಲಿಖಿತ ಪರೀಕ್ಷೆ, ಧ್ವನಿಪರೀಕ್ಷೆ ಇರುತ್ತವೆ, ಆಯ್ಕೆಯಾದವರು ‘ವಾಣಿ’ ಎಂಬ ಪ್ರಮಾಣಪತ್ರ ತರಬೇತಿ ಪಡೆಯಬೇಕಾಗುತ್ತದೆ. ತಿಂಗಳಿಗೆ ಸಾಮಾನ್ಯವಾಗಿ ಆರು ಪಾಳಿಗಳಿಗಿಂತ ಹೆಚ್ಚು ಸಿಗುವುದಿಲ್ಲ, ಅದು ಕಾಯಂ ನೌಕರಿಯೂ ಅಲ್ಲ. ಆ ಆಸೆಯಿಟ್ಟುಕೊಂಡು ಹೋದವರು ನೊಂದಿದ್ದಾರೆ. ನಿಮಗೆ ಮಾತ್ರ ಆ ಮಿತಿಯೇ ಅನುಕೂಲ, ಏಕೆಂದರೆ ಕೆಲಸ ಬಿಡದೆ ಮಾಡಬಹುದು. ಊರಿನವರೇ ಸೇರಿ ಕಾರ್ಯಕ್ರಮ ಮಾಡುವ ಸಮುದಾಯ ಬಾನುಲಿ ಇನ್ನೂ ಸುಲಭವಾದ ಬಾಗಿಲು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ 2000ದ ದಶಕದ ಮೊದಲ ವರ್ಷಗಳಲ್ಲಿ ಆರಂಭವಾದಾಗ ಹಳ್ಳಿಯ ಹೆಂಗಸರೇ ಕಾರ್ಯಕ್ರಮ ಮಾಡಿ ಕೇಬಲ್ ಮೂಲಕ ಮನೆಮನೆಗೆ ಕೇಳಿಸಿದರು. ತುಮಕೂರಿನಲ್ಲಿ ರೇಡಿಯೊ ಸಿದ್ಧಾರ್ಥ ಇದೆ. ಹಣ ಸಿಗುವುದಿಲ್ಲವೆಂದೇ ತಿಳಿದುಕೊಂಡು ಹೋಗಿ.

ಜನ ಕಡೆಗಣಿಸುವ ಇನ್ನೊಂದು ದಾರಿ ಕ್ಯಾಮೆರಾದ ಹಿಂದಿನದು. ರಸಪ್ರಶ್ನೆ ಶೋಗಳಿಗೆ ಪ್ರಶ್ನೆ ಹುಡುಕಿ ಪರಿಶೀಲಿಸುವವರು, ಸ್ಪರ್ಧಿಗಳನ್ನು ಸಂದರ್ಶಿಸಿ ಆರಿಸುವವರು, ಚಿತ್ರೀಕರಣಕ್ಕೆ ಮುನ್ನ ತಾಲೀಮಿನಲ್ಲಿ ನಿರೂಪಕರ ಜಾಗದಲ್ಲಿ ನಿಂತು ಲೈಟು, ಕ್ಯಾಮೆರಾ ಹೊಂದಿಸಲು ನೆರವಾಗುವವರು ಬೇಕೇ ಬೇಕು. ಸಂಬಳ ಕಡಿಮೆ, ದುಡಿಮೆಗೆ ಹೊತ್ತುಗೊತ್ತಿಲ್ಲ, ಶೋ ಮುಗಿದರೆ ಕೆಲಸವೂ ಮುಗಿಯುತ್ತದೆ. ಆದರೆ ನಿಮ್ಮನ್ನು ನೋಡಬೇಕಾದವರು ನೋಡುವುದು ಅಲ್ಲಿ. ಯೂಟ್ಯೂಬ್‌ನಲ್ಲಿ ಸ್ವಂತ ರಸಪ್ರಶ್ನೆ ನಡೆಸುವುದು ಅಭ್ಯಾಸಕ್ಕೆ ಒಳ್ಳೆಯದು, ವರಮಾನಕ್ಕೆ ಅದನ್ನು ನೆಚ್ಚಬೇಡಿ.

ಈಗಿನ ಕೆಲಸವನ್ನು ಬಿಡಬೇಡಿ ಎನ್ನುವುದಕ್ಕೆ ಕಾರಣ ಈ ಕಸುಬಿನ ಲೆಕ್ಕದಲ್ಲಿಯೇ ಇದೆ, ನೀವು ಬಿ.ಕಾಂ. ಓದಿದವರಾದ್ದರಿಂದ ಬೇಗ ಅರ್ಥವಾಗುತ್ತದೆ. ನಿರೂಪಕರಿಗೆ ಸಂಚಿಕೆಗೆ ಇಷ್ಟು ಎಂದು ಸಂಭಾವನೆ. ಭವಿಷ್ಯನಿಧಿ, ರಜೆಯ ಸಂಬಳ ಯಾವುದೂ ಇರುವುದಿಲ್ಲ. ಹಣ ಕೈಸೇರಲು ತಿಂಗಳುಗಳೇ ಹಿಡಿಯುತ್ತವೆ, ಅದರಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿಯುವ ತೆರಿಗೆ) ಮುರಿದಿರುತ್ತಾರೆ, ರಿಟರ್ನ್ ಸಲ್ಲಿಸಿದರೆ ಅದು ನಿಮ್ಮ ತೆರಿಗೆಗೆ ಹೊಂದಾಣಿಕೆಯಾಗುತ್ತದೆ. (ಬಹುಮಾನ ಗೆದ್ದವರಿಗೆ ಕಡಿಯುವ ಶೇ 30ರ ತೆರಿಗೆಯೇ ಬೇರೆ, ಎರಡನ್ನೂ ಕಲಸಿಕೊಂಡು ಗಾಬರಿಯಾಗುವವರಿದ್ದಾರೆ.) ಒಂದು ಆವೃತ್ತಿ ಮುಗಿದು ಇನ್ನೊಂದು ಬರುವವರೆಗಿನ ಖಾಲಿ ತಿಂಗಳುಗಳಲ್ಲಿ ಮನೆ ನಡೆಯಬೇಕು. ಕನಿಷ್ಠ ಒಂದು ವರ್ಷದ ಖರ್ಚು ಕೈಯಲ್ಲಿಲ್ಲದೆ, ಸಹಿಯಾದ ಒಂದು ಕರಾರೂ ಇಲ್ಲದೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದ ನನ್ನ ಇಬ್ಬರು ವಿದ್ಯಾರ್ಥಿಗಳು ಬಾಡಿಗೆ ಕಟ್ಟಲೆಂದೇ ಸಿಕ್ಕಸಿಕ್ಕ ಕಾರ್ಯಕ್ರಮ ಒಪ್ಪಿಕೊಂಡು, ಆಡಿಷನ್ ಕರೆ ಬಂದ ದಿನ ಹೋಗಲಾಗದೆ ಉಳಿದರು. ಕರಾರು ಬಂದಾಗ ಅದರಲ್ಲಿ ಎರಡು ಕಡೆ ಬೆರಳಿಟ್ಟು ಓದಿ: ಬೇರೆ ಚಾನೆಲ್‌ನಲ್ಲಿ ಎಷ್ಟು ಕಾಲ ಕಾಣಿಸಿಕೊಳ್ಳಬಾರದು ಎನ್ನುವ ಷರತ್ತು, ಮತ್ತು ನಿಮ್ಮ ದನಿಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ಬಳಸುವ ಹಕ್ಕು ಯಾರದು ಎನ್ನುವ ಷರತ್ತು. ಎರಡನೆಯದು ಈಚಿನದು, ಎಷ್ಟೋ ಜನ ಓದದೆ ಸಹಿ ಹಾಕುತ್ತಿದ್ದಾರೆ.

ಗೂಡಿನ ಹಣವನ್ನು ತಂದೆಯವರ ಖಾತೆಯಲ್ಲಿಯೇ ಇಡಿ. ಅದೇ ಶಾಲೆಯಲ್ಲಿ, ಆದರೆ ಬೇರೆ ಮಕ್ಕಳಿಗೆ, ಹತ್ತು ಪ್ರಶ್ನೆಗಳ ರಸಪ್ರಶ್ನೆ ಇನ್ನೊಮ್ಮೆ ನಡೆಸಿ. ಪ್ರಶ್ನೆಗಳನ್ನು ಅಲ್ಲಿನ ಮೇಷ್ಟ್ರೊಬ್ಬರು ಬರೆಯಲಿ, ಉತ್ತರದ ಚೀಟಿ ಅವರ ಜೇಬಿನಲ್ಲಿಯೇ ಇರಲಿ, ಮಗು ಹೇಳಿ ಮುಗಿಸಿದ ಮೇಲೆ ನೀವು ಮನಸ್ಸಿನಲ್ಲಿ ಮೂರು ಎಣಿಸಿ ಅವರ ಕಡೆ ತಿರುಗಿ. ಕ್ಯಾಮೆರಾವನ್ನು ಈ ಸಲ ನಿಮ್ಮ ಮುಖಕ್ಕೆ ಹಿಡಿಯದೆ ಮಕ್ಕಳ ಮುಖಕ್ಕೆ ಹಿಡಿದು ವಿಡಿಯೊ ಕಳುಹಿಸಿ.